ಅರ್ಧ ಮಾತ್ರೆಯ ಲೆಕ್ಕ

ಧೂಳು ಅಂದರೆ ನನಗೆ ಆಗದು. ಅಟ್ಟದ ಮೇಲಿನ ಪುಸ್ತಕ ಕೆಳಗಿಳಿಸಿದರೆ ಸಾಕು, ಎಂಟು ಹತ್ತು ಸೀನು ಗ್ಯಾರಂಟಿ. ಅದಕ್ಕೇ ಮನೆಯಲ್ಲಿ ಸೆಟಿರಿಜಿನ್ ಮಾತ್ರೆ ಯಾವಾಗಲೂ ಇರುತ್ತದೆ, 10 ಎಂಜಿಯದು. ಒಮ್ಮೆ ಮೆಡಿಕಲ್ ಶಾಪಿನವರು ಅದು ಖಾಲಿ ಅಂತ ಬೇರೆ ಸ್ಟ್ರಿಪ್ ಕೊಟ್ಟರು. ಲೆವೊಸೆಟಿರಿಜಿನ್, 5 ಎಂಜಿ.

“ಇದೇನ್ರೀ, ಅರ್ಧ ಪವರ್‌ದು ಕೊಡ್ತಿದ್ದೀರಾ?” ಅಂದೆ.

“ಪವರ್ ಅಷ್ಟೇ ಸಾರ್. ತೂಕ ಮಾತ್ರ ಅರ್ಧ,” ಅಂದರು. ಬೆಲೆ ಮಾತ್ರ ಅರ್ಧ ಇರಲಿಲ್ಲ, ಅದು ಬೇರೆ ಮಾತು.

ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಎರಡೂ ಸ್ಟ್ರಿಪ್‌ನಲ್ಲಿರುವ ಅಣುವಿನ ಸೂತ್ರ ಒಂದೇ. ಅಷ್ಟೇ ಇಂಗಾಲ, ಅಷ್ಟೇ ಹೈಡ್ರೋಜನ್, ಅದೇ ಕ್ಲೋರಿನ್. ಯಾವ ಪರಮಾಣು ಯಾವುದರ ಪಕ್ಕ ಕೂತಿದೆ ಅನ್ನುವುದೂ ಒಂದೇ. ಆದರೂ ಒಂದು 10 ಬೇಕು, ಇನ್ನೊಂದು 5 ಸಾಕು. ಹಾಗಾದರೆ ಇಷ್ಟು ವರ್ಷ ಹಳೇ ಮಾತ್ರೆಯ ಉಳಿದ 5 ಎಂಜಿ ನನ್ನ ಹೊಟ್ಟೆಯಲ್ಲಿ ಏನು ಮಾಡುತ್ತಿತ್ತು? ಹೆಚ್ಚುಕಮ್ಮಿ ಏನೂ ಇಲ್ಲ. ಸುಮ್ನೆ ಬಂದು ಹೋಗುತ್ತಿತ್ತು.

ಆ ಕೆಲಸಕ್ಕೆ ಬಾರದ ಅರ್ಧವನ್ನು ತಯಾರಿಸದೆಯೇ ಇರುವುದು ಹೇಗೆ? ಕಳೆದ 50 ವರ್ಷಗಳಲ್ಲಿ ರಸಾಯನ ವಿಜ್ಞಾನದ ಒಂದು ದೊಡ್ಡ ಭಾಗ ಈ ಪ್ರಶ್ನೆಯ ಹಿಂದೆ ಬಿದ್ದಿದೆ. 2001ರ ನೊಬೆಲ್ ಇದಕ್ಕೇ ಬಂತು. 2021ರದ್ದೂ ಇದಕ್ಕೇ. ನಡುವೆ 2018ರಲ್ಲಿ ಕಿಣ್ವಗಳ (ಜೀವಿಗಳೊಳಗೆ ರಾಸಾಯನಿಕ ಕ್ರಿಯೆ ನಡೆಸಿಕೊಡುವ ಪ್ರೋಟೀನುಗಳು) ಕೆಲಸಕ್ಕೆ ಬಂದ ಅರ್ಧ ನೊಬೆಲ್ ಕೂಡ ಇದೇ ದಾರಿಯದು. ಈ ವಿಷಯ ಲ್ಯಾಬಿನೊಳಗೇ ಉಳಿದಿಲ್ಲ. ಮಾತ್ರೆಯ ಬೆಲೆಗೂ, ಔಷಧ ಕಾರ್ಖಾನೆಯ ಹಿಂದಿನ ಚರಂಡಿಗೂ ಇದಕ್ಕೂ ನೇರ ನಂಟಿದೆ.

ಎಡಗಾಲಿಗೆ ಬಲಗಾಲಿನ ಚಪ್ಪಲಿ

ನಮ್ಮ ಎರಡು ಕೈ ಒಂದೇ ಥರ ಇವೆ, ಆದರೆ ಒಂದರ ಮೇಲೊಂದು ಇಟ್ಟರೆ ಹೊಂದುವುದಿಲ್ಲ. ಒಂದು ಇನ್ನೊಂದರ ಕನ್ನಡಿ ಬಿಂಬ. ಇಂಗಾಲದ ಒಂದು ಪರಮಾಣುವಿಗೆ ನಾಲ್ಕು ಬೇರೆಬೇರೆ ಗುಂಪು ಅಂಟಿಕೊಂಡರೆ ಆ ಅಣುವಿಗೂ ಹೀಗೇ ಎಡಗೈ ಬಲಗೈ ರೂಪ ಬರುತ್ತದೆ. ಸೆಟಿರಿಜಿನ್ ಅಂದರೆ ಎರಡೂ ಕೈ ಸಮಸಮ ಬೆರೆತ ಪುಡಿ. ಲೆವೊಸೆಟಿರಿಜಿನ್ ಅಂದರೆ ಒಂದೇ ಕೈ. ಹೆಸರಿನ ಮುಂದೆ ‘ಲೆವೊ’, ‘ಎಸ್’, ‘ಡೆಕ್ಸ್’ ಅಂತ ಇರುವ ಮಾತ್ರೆಗಳನ್ನು ಗಮನಿಸಿ. ಒಮೆಪ್ರಜೋಲ್‌ನ ಪಕ್ಕ ಎಸೊಮೆಪ್ರಜೋಲ್. ಓಫ್ಲಾಕ್ಸಾಸಿನ್‌ನ ಪಕ್ಕ ಲೆವೊಫ್ಲಾಕ್ಸಾಸಿನ್. ಬಿಪಿಗೆ 5 ಎಂಜಿ ಅಮ್ಲೊಡಿಪಿನ್ ತೆಗೆದುಕೊಳ್ಳುತ್ತಿದ್ದವರಿಗೆ 2.5 ಎಂಜಿ ಎಸ್-ಅಮ್ಲೊಡಿಪಿನ್. ಎಲ್ಲವೂ ಇದೇ ಕಥೆ.

ದೇಹಕ್ಕೆ ಈ ಎಡ ಬಲ ಯಾಕೆ ಗೊತ್ತಾಗುತ್ತದೆ? ದೇಹವೇ ಒಂದು ಕೈಯದು. ನಮ್ಮ ಪ್ರೋಟೀನುಗಳೆಲ್ಲ ಎಡಗೈ ಅಮೈನೊ ಆಮ್ಲಗಳಿಂದ ಕಟ್ಟಿದವು. ಅವುಗಳ ಮೈಮೇಲಿನ ಗುಳಿಗಳು ಚಪ್ಪಲಿ ಇದ್ದ ಹಾಗೆ. ಮದುವೆ ಮನೆಯ ಬಾಗಿಲಲ್ಲಿ ಅವಸರದಲ್ಲಿ ಎಡಗಾಲಿಗೆ ಬಲಗಾಲಿನ ಚಪ್ಪಲಿ ಮೆಟ್ಟಿದರೆ ಕಾಲು ಒಳಗೆ ಹೋಗುವುದೇ ಇಲ್ಲ ಅಂತಲ್ಲ. ಹೋಗುತ್ತದೆ. ನಡೆಯುವುದಕ್ಕೆ ಆಗುವುದಿಲ್ಲ, ಅಷ್ಟೇ. ಅಣುಗಳ ವಿಷಯದಲ್ಲೂ ತಪ್ಪು ಕೈಗೆ ಪೂರ್ತಿ ನಿಷೇಧ ಇರುವುದಿಲ್ಲ. ಕೂರುತ್ತದೆ, ಆದರೆ ಸಡಿಲವಾಗಿ ಕೂರುತ್ತದೆ. ‘ಸಡಿಲ’ ಅನ್ನುವ ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಇದಕ್ಕೇ ಲೆಕ್ಕ ಹಾಕುವುದಿದೆ.

ಈ ಎಡ ಬಲವನ್ನು ಮೊದಲು ಬಿಡಿಸಿ ತೋರಿಸಿದವನು ಲೂಯಿ ಪಾಶ್ಚರ್, 1848ರಲ್ಲಿ, ಇನ್ನೂ 25ರ ಹುಡುಗ. ವೈನ್ ಪೀಪಾಯಿಯಲ್ಲಿ ಕಟ್ಟಿಕೊಳ್ಳುವ ಟಾರ್ಟಾರಿಕ್ ಆಮ್ಲದ ಲವಣದ ಹರಳುಗಳನ್ನು ಭೂತಗನ್ನಡಿಯಲ್ಲಿ ನೋಡಿ, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಎಡದವನ್ನು ಒಂದು ಕಡೆ, ಬಲದವನ್ನು ಒಂದು ಕಡೆ ಚಿಮಟದಿಂದ ಆರಿಸಿಟ್ಟ. ಅವನ ಅದೃಷ್ಟವೂ ಇತ್ತು. ಆ ಲವಣ ಸುಮಾರು 28 ಡಿಗ್ರಿಗಿಂತ ತಣ್ಣಗಿದ್ದಾಗ ಮಾತ್ರ ಹೀಗೆ ಬೇರೆಬೇರೆ ಹರಳಾಗುತ್ತದೆ. ಬೆಂಗಳೂರಿನ ಏಪ್ರಿಲ್ ಮಧ್ಯಾಹ್ನದಲ್ಲಿ ಕೂತಿದ್ದರೆ ಅವನಿಗೆ ಏನೂ ಸಿಗುತ್ತಿರಲಿಲ್ಲ. ಅಂದಹಾಗೆ ಈ ಟಾರ್ಟಾರಿಕ್ ಆಮ್ಲ ನಮಗೆ ಹೊಸದೇನಲ್ಲ. ಹುಣಸೆಹಣ್ಣಿನ ಹುಳಿ ಅದೇ. ಮರ ಅದನ್ನು ಒಂದೇ ಕೈಯಲ್ಲಿ ಮಾಡುತ್ತದೆ, ತಪ್ಪುವುದೇ ಇಲ್ಲ.

ಎಡ ಬಲದ ಮಾತು ಬಂದಾಗಲೆಲ್ಲ ಥಾಲಿಡೊಮೈಡ್ ಕಥೆ ಹೇಳುತ್ತಾರೆ. 1957ರಲ್ಲಿ ಪಶ್ಚಿಮ ಜರ್ಮನಿಯ ಮಾರುಕಟ್ಟೆಗೆ ಬಂದ ಮಾತ್ರೆ. ಬಸುರಿಯರ ವಾಕರಿಕೆಗೂ ಕೊಟ್ಟರು. 10,000ಕ್ಕೂ ಹೆಚ್ಚು ಮಕ್ಕಳು ಕೈಕಾಲು ಬೆಳೆಯದೆ ಹುಟ್ಟಿದರು. 1961ರ ಕೊನೆಗೆ ಹಿಂದಕ್ಕೆ ತೆಗೆದುಕೊಂಡರು. ‘ಒಂದು ಕೈ ಔಷಧ, ಇನ್ನೊಂದು ಕೈ ವಿಷ. ಬೇರೆ ಮಾಡಿದ್ದರೆ ದುರಂತ ಆಗುತ್ತಿರಲಿಲ್ಲ’ ಅಂತ ಕಾಲೇಜಿನಲ್ಲಿ ನಮಗೂ ಪಾಠ ಮಾಡಿದ್ದರು. ಇದು ಅರ್ಧ ಸತ್ಯ. ಎರಡು ಕೈಗಳಲ್ಲಿ ‘ಎಸ್’ ಅಂತ ಕರೆಯುವ ರೂಪವೇ ಸೆರೆಬ್ಲಾನ್ ಎಂಬ ಪ್ರೋಟೀನಿಗೆ ಬಿಗಿಯಾಗಿ ಕೂತು ಹಾನಿ ಮಾಡುತ್ತದೆ ಅನ್ನುವುದು ನಿಜ. ಆದರೆ ಥಾಲಿಡೊಮೈಡ್ ರಕ್ತಕ್ಕೆ ಸೇರಿದ ಮೇಲೆ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ತಾನೇ ತಿರುಗುತ್ತಿರುತ್ತದೆ. ಎಷ್ಟೇ ಶುದ್ಧ ಒಂದು ಕೈ ಕೊಟ್ಟರೂ ಕೆಲವು ಗಂಟೆಯಲ್ಲಿ ಎರಡೂ ಆಗಿಬಿಡುತ್ತಿತ್ತು. ಅಂದರೆ ಶುದ್ಧ ಮಾತ್ರೆಯೂ ಆ ಮಕ್ಕಳನ್ನು ಉಳಿಸುತ್ತಿರಲಿಲ್ಲ. ಆದರೂ ಆ ಪೆಟ್ಟಿನಿಂದ ಔಷಧ ನಿಯಮಗಳು ಬಿಗಿಯಾದವು. 1992ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ‘ಎರಡು ಕೈಯ ಔಷಧವಾದರೆ ಎರಡರ ಗುಣವನ್ನೂ ಬೇರೆಬೇರೆ ತಿಳಿದುಕೊಳ್ಳಿ’ ಎಂಬ ನೀತಿ ತಂದಿತು. ಒಂದೇ ಕೈಯ ಔಷಧಗಳು ಸಾಲುಸಾಲಾಗಿ ಬಂದದ್ದು ಅದರ ನಂತರ.

ಒಂದು ಕಿಲೋ ಔಷಧಕ್ಕೆ ಎಷ್ಟು ಕಿಲೋ ಕಸ?

ಒಂದೇ ಕೈ ಬೇಕು ಅಂದರೆ ಹಳೇ ದಾರಿ ಸುಲಭ. ಎರಡೂ ಮಾಡಿ, ಬೇರೆ ಮಾಡಿ, ಬೇಡದ್ದನ್ನು ಬಿಸಾಡಿ. ಪಾಶ್ಚರ್ ಚಿಮಟದಲ್ಲಿ ಮಾಡಿದ್ದನ್ನು ಕಾರ್ಖಾನೆಗಳು ಟನ್ನುಗಟ್ಟಲೆ ಮಾಡುತ್ತವೆ. ತೊಂದರೆ ಏನೆಂದರೆ, ಎಂಟನೇ ಹಂತದಲ್ಲಿ ಅರ್ಧ ಬಿಸಾಡಿದರೆ ಹಿಂದಿನ ಏಳು ಹಂತಕ್ಕೆ ಸುರಿದ ಆಮ್ಲ, ಕ್ಷಾರ, ದ್ರಾವಕ, ಕರೆಂಟು ಎಲ್ಲದರ ಅರ್ಧವೂ ಹೋದಂತೆ. ಕೆಲವು ಅಣುಗಳಲ್ಲಿ ತಪ್ಪು ಕೈಯನ್ನು ತಿರುಗಿಸಿ ಮತ್ತೆ ಬಳಸಬಹುದು. ಎಲ್ಲದರಲ್ಲೂ ಆಗದು.

1992ರಲ್ಲಿ ರೋಜರ್ ಶೆಲ್ಡನ್ ಎಂಬ ರಸಾಯನ ವಿಜ್ಞಾನಿ ಒಂದು ಸರಳ ಅಳತೆ ಮುಂದಿಟ್ಟರು. ಒಂದು ಕಿಲೋ ಸರಕಿಗೆ ಎಷ್ಟು ಕಿಲೋ ತ್ಯಾಜ್ಯ? ಪೆಟ್ರೋಲ್ ರಿಫೈನರಿಗಳಲ್ಲಿ ಸುಮಾರು 0.1. ದೊಡ್ಡ ಪ್ರಮಾಣದ ರಾಸಾಯನಿಕಗಳಲ್ಲಿ 1ರಿಂದ 5. ಔಷಧದಲ್ಲಿ? 25ರಿಂದ 100, ಕೆಲವು ಸಲ ಅದಕ್ಕೂ ಜಾಸ್ತಿ. ನಾವು ಹೊಗೆ ಕಾರುವ ರಿಫೈನರಿಯನ್ನು ಬೈಯುತ್ತೇವೆ. ಕಿಲೋ ಲೆಕ್ಕದಲ್ಲಿ ನೋಡಿದರೆ ಬಿಳಿ ಗೋಡೆಯ ಔಷಧ ಕಾರ್ಖಾನೆಯೇ ಮುಂದು.

ಇದು ದೂರದ ಮಾತಲ್ಲ. ಯಾದಗಿರಿ ಜಿಲ್ಲೆಯ ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶದ ಸುತ್ತಲಿನ ಊರಿನವರು ರಾಸಾಯನಿಕ, ಔಷಧ ಘಟಕಗಳ ದುರ್ವಾಸನೆಯ ಬಗ್ಗೆ ವರ್ಷಗಳಿಂದ ದೂರುತ್ತಿದ್ದಾರೆ. ಬೀದರ್ ಪಕ್ಕದ ಕೊಳಾರದಲ್ಲೂ ಅದೇ ದೂರು. ಈ ಚರ್ಚೆ ನಮ್ಮಲ್ಲಿ ಯಾವಾಗಲೂ ಚರಂಡಿಯ ತುದಿಯಲ್ಲೇ ನಡೆಯುತ್ತದೆ. ಶುದ್ಧೀಕರಣ ಘಟಕ ಇದೆಯಾ, ನಡೀತಿದೆಯಾ, ರಾತ್ರಿ ಹೊತ್ತು ಬಿಡ್ತಾರಾ, ಅಂತ. ಅದೆಲ್ಲ ಕೇಳಲೇಬೇಕು. ಆದರೆ ಅಷ್ಟು ಕಸ ಹುಟ್ಟಿದ್ದಾದರೂ ಯಾಕೆ ಅಂತ ರಿಯಾಕ್ಟರಿನ, ಅಂದರೆ ಕ್ರಿಯೆ ನಡೆಯುವ ದೊಡ್ಡ ಪಾತ್ರೆಯ, ಒಳಗೆ ಇಣುಕಿ ಕೇಳುವವರು ಕಡಿಮೆ. ಅಲ್ಲಿ ಇಣುಕಿದರೆ ಕಾಣುವುದು ಅಣುಗಳ ನಡುವಿನ ಬಹಳ ಸಣ್ಣ ಸೆಳೆತ.

ಶಿರಾಡಿಯೋ ಚಾರ್ಮಾಡಿಯೋ

ಬೆಂಗಳೂರಿನಿಂದ ಮಂಗಳೂರಿಗೆ ಹೋಗಬೇಕು. ನಡುವೆ ಘಟ್ಟ. ಶಿರಾಡಿಯಲ್ಲಿ ಇಳಿಯಬಹುದು, ಚಾರ್ಮಾಡಿಯಲ್ಲೂ ಇಳಿಯಬಹುದು. ಎರಡು ದಾರಿಯೂ ಎಲ್ಲದರಲ್ಲೂ ಸರಿಸಮ ಅಂತಿಟ್ಟುಕೊಳ್ಳಿ. ಗಾಡಿಗಳು ಅರ್ಧರ್ಧ ಹಂಚಿಹೋಗುತ್ತವೆ. ರಾಸಾಯನಿಕ ಕ್ರಿಯೆಯೂ ಹೀಗೇ. ಒಂದು ಅಣು ಇನ್ನೊಂದಾಗಲು ಶಕ್ತಿಯ ಒಂದು ಘಟ್ಟ ಹತ್ತಿ ಇಳಿಯಬೇಕು. ಎಡಗೈ ಅಣು ಹುಟ್ಟುವ ದಾರಿ, ಬಲಗೈ ಅಣು ಹುಟ್ಟುವ ದಾರಿ ಎರಡರ ಎತ್ತರವೂ ಸಮ ಇದ್ದರೆ ಸರಕು ಅರ್ಧರ್ಧ.

ಕ್ಯಾಟಲಿಸ್ಟ್ ಘಟ್ಟವನ್ನು ತಗ್ಗಿಸುತ್ತದೆ ಅಂತ ಹೈಸ್ಕೂಲಿನಲ್ಲಿ ಎಲ್ಲರೂ ಓದಿದ್ದೇವೆ. ಕ್ರಿಯಾವರ್ಧಕ ಅಂತ ಹೆಸರು. ಇಲ್ಲಿ ಬೇಕಾಗಿರುವುದು ಇನ್ನೊಂದು ಹೆಜ್ಜೆ ಮುಂದಿನದು. ಒಂದು ಘಟ್ಟವನ್ನು ಇನ್ನೊಂದಕ್ಕಿಂತ ತುಸು ಜಾಸ್ತಿ ತಗ್ಗಿಸಬೇಕು. ಎಷ್ಟು ಜಾಸ್ತಿ? ಲೆಕ್ಕ ನೋಡಿದರೆ ಆಶ್ಚರ್ಯವಾಗುತ್ತದೆ. ಕೋಣೆಯ ಉಷ್ಣತೆಯಲ್ಲಿ ಒಂದು ಮೋಲ್‌ಗೆ (ಅಣುಗಳನ್ನು ಎಣಿಸುವ ಗೊತ್ತಾದ ಒಂದು ದೊಡ್ಡ ಗುಂಪು) 5.7 ಕಿಲೋಜೂಲ್ ಶಕ್ತಿಯ ವ್ಯತ್ಯಾಸ ಸಿಕ್ಕರೆ ಒಂದು ಕೈ ಹತ್ತಾದರೆ ಇನ್ನೊಂದು ಒಂದು. 11.4 ಸಿಕ್ಕರೆ ನೂರಕ್ಕೆ ಒಂದು. ಅಷ್ಟಾದರೆ ಕೆಲಸ ಆಯಿತು. ಹೋಲಿಕೆಗೆ, ಎರಡು ಇಂಗಾಲದ ನಡುವಿನ ಬಂಧ ಮುರಿಯಲು ಸುಮಾರು 350 ಬೇಕು. ನೀರಿನ ಒಂದು ಅಣು ಪಕ್ಕದ ಅಣುವಿನ ಕೈ ಹಿಡಿದುಕೊಳ್ಳುವ ಹೈಡ್ರೋಜನ್ ಬಂಧಕ್ಕೆ ಸುಮಾರು 20. ಅಂದರೆ ಅರ್ಧ ಹೈಡ್ರೋಜನ್ ಬಂಧದಷ್ಟು ಸಣ್ಣ ಹಿಡಿತ ಒಂದು ಕಡೆ ಜಾಸ್ತಿ ಇದ್ದರೆ ಸಾಕು, 50:50 ಇದ್ದದ್ದು 99:1 ಆಗುತ್ತದೆ.

ಹಿಂದೆ ನಮಗೆಲ್ಲ ಗಟ್ಟಿ ಬಂಧಗಳ ಮೇಲೇ ಕಣ್ಣಿತ್ತು. ಯಾವುದು ಮುರಿಯಿತು, ಯಾವುದು ಕೂಡಿತು ಅಂತ. ಆದರೆ ಎಡವೋ ಬಲವೋ ಅನ್ನುವ ತೀರ್ಮಾನ ಮಾಡುವುದು ಸಡಿಲ ಬಂಧಗಳು. ಹೈಡ್ರೋಜನ್ ಬಂಧ, ಚಪ್ಪಟೆ ಉಂಗುರದ ಅಣುಗಳು ಒಂದರ ಮೇಲೊಂದು ಕೂರುವ ಸೆಳೆತ, ಹತ್ತಿರ ಬಂದ ಯಾವುದೇ ಎರಡು ಅಣುಗಳ ನಡುವಿನ ಕ್ಷಣಿಕ ಎಳೆತ. ಒಂದೊಂದೂ ಲೆಕ್ಕಕ್ಕಿಲ್ಲದ್ದು ಅನ್ನಿಸುತ್ತದೆ. ಸೇರಿದರೆ ದಾರಿ ಬದಲಿಸುತ್ತವೆ.

ಇಲ್ಲಿ ಬೆಂಗಳೂರಿನ ಪಾಲೂ ಇದೆ. ಹೈಡ್ರೋಜನ್ ಬಂಧ ಅಂದರೆ ಏನು ಎಂಬ ವ್ಯಾಖ್ಯೆಯನ್ನೇ ರಸಾಯನ ವಿಜ್ಞಾನದ ಅಂತರರಾಷ್ಟ್ರೀಯ ಸಂಸ್ಥೆ ಐಯುಪಿಎಸಿ 2011ರಲ್ಲಿ ಹೊಸದಾಗಿ ಬರೆಯಿತು. ಆ ಕೆಲಸದ ಸಮಿತಿಯ ನೇತೃತ್ವ ವಹಿಸಿದ್ದವರು ಭಾರತೀಯ ವಿಜ್ಞಾನ ಸಂಸ್ಥೆಯ ಇ. ಅರುಣನ್. ಗೌತಮ್ ದೇಸಿರಾಜು ಕೂಡ ಅದರಲ್ಲಿದ್ದರು. ಹಳೇ ಪಾಠದಲ್ಲಿ ಆಮ್ಲಜನಕ, ಸಾರಜನಕ, ಫ್ಲೋರಿನ್ ಇದ್ದರೆ ಮಾತ್ರ ಹೈಡ್ರೋಜನ್ ಬಂಧ ಅಂತಿತ್ತಲ್ಲ, ಆ ಬೇಲಿಯನ್ನು ಅವರು ಕಿತ್ತರು. ಇಂಗಾಲಕ್ಕೆ ಅಂಟಿದ ಹೈಡ್ರೋಜನ್ ಕೂಡ ಹಿಡಿತಕ್ಕೆ ಬರಬಹುದು ಅಂತಾಯಿತು. ಇದು ಬರೀ ಪದಗಳ ಜಗಳವಲ್ಲ. ಘಟ್ಟದ ಎತ್ತರ ತೀರ್ಮಾನಿಸುವ ಹಿಡಿತಗಳಲ್ಲಿ ಇಂಥ ಕಾಣದ ಕೈಗಳೇ ಎಷ್ಟೋ ಇರುತ್ತವೆ.

ನಸುಗುನ್ನಿ, ಪುದೀನ, ರೋಡಿಯಂ

ಮೊದಲ ದೊಡ್ಡ ಗೆಲುವು ಲೋಹಗಳದ್ದು. ನಸುಗುನ್ನಿ ಕಾಯಿ ಗೊತ್ತಲ್ಲ, ಮೈಗೆ ತಾಗಿದರೆ ತುರಿಕೆಯಿಂದ ಕುಣಿಸುವ ಬಳ್ಳಿ. ಅದರ ಬೀಜದಲ್ಲಿ ಎಲ್-ಡೋಪಾ ಇದೆ. ಪಾರ್ಕಿನ್ಸನ್ ಕಾಯಿಲೆಗೆ ಅದೇ ಔಷಧ. ಅಮೆರಿಕದ ಮೊನ್ಸಾಂಟೊ ಕಂಪನಿಯಲ್ಲಿ ವಿಲಿಯಂ ನೋಲ್ಸ್ 1970ರ ದಶಕದಲ್ಲಿ ರೋಡಿಯಂ ಲೋಹದ ಸುತ್ತ ಒಂದೇ ಕೈಯ ಫಾಸ್ಫರಸ್ ಅಣುಗಳನ್ನು ಕಟ್ಟಿ, ಎಲ್-ಡೋಪಾ ತಯಾರಿಯಲ್ಲಿ 100ರಲ್ಲಿ 97ಕ್ಕೂ ಹೆಚ್ಚು ಪಾಲು ಸರಿಯಾದ ಕೈ ಬರುವ ಹಾಗೆ ಮಾಡಿದರು. ಒಂದೇ ಕೈ ಕೊಡುವ ಲೋಹದ ಕ್ಯಾಟಲಿಸ್ಟ್ ಕಾರ್ಖಾನೆಗೆ ಕಾಲಿಟ್ಟದ್ದು ಅಲ್ಲಿಂದಲೇ. 2001ರ ನೊಬೆಲ್ ಅವರ ಜೊತೆ ರ‍್ಯೋಜಿ ನೊಯೋರಿ, ಬ್ಯಾರಿ ಶಾರ್ಪ್‌ಲೆಸ್ ಅವರಿಗೂ ಬಂತು. ಶಾರ್ಪ್‌ಲೆಸ್ 1980ರಲ್ಲಿ ಹೊರತಂದ ಕ್ರಿಯೆಯಲ್ಲಿ ಟೈಟಾನಿಯಂ ಲೋಹಕ್ಕೆ ದಾರಿ ತೋರಿಸುವುದು ಯಾವುದು ಗೊತ್ತೇ? ಟಾರ್ಟಾರಿಕ್ ಆಮ್ಲದಿಂದ ಮಾಡಿದ ಅಣು. ನಮ್ಮ ಹುಣಸೆ ಹುಳಿಯ ನೆಂಟ.

ನೊಯೋರಿಯವರ ಕೆಲಸ ಇನ್ನೂ ಸ್ವಾರಸ್ಯದ್ದು, ಯಾಕೆಂದರೆ ಅದು ಉತ್ತರ ಪ್ರದೇಶದ ರೈತರ ಹೊಲಕ್ಕೆ ಬಂದು ಮುಟ್ಟುತ್ತದೆ. ನೋವಿನ ಬಾಮ್ ಹಚ್ಚಿದಾಗ ತಣ್ಣಗಾಗುವುದು ಮೆಂಥಾಲ್‌ನಿಂದ. ಈ ಅಣುವಿನಲ್ಲಿ ಎಡ ಬಲ ಆಗಬಹುದಾದ ಜಾಗ ಮೂರು. ಹಾಗಾಗಿ ಒಟ್ಟು ರೂಪ ಎಂಟು. ಅದರಲ್ಲಿ ಒಂದಕ್ಕೆ ಮಾತ್ರ ನಮಗೆ ಬೇಕಾದ ತಂಪು, ಪರಿಮಳ. ಬಾರಾಬಂಕಿಯಂಥ ಜಿಲ್ಲೆಗಳಲ್ಲಿ ಬೆಳೆಯುವ ಪುದೀನ ಜಾತಿಯ ಗಿಡ ಆ ಒಂದನ್ನೇ ಮಾಡಿಕೊಡುತ್ತದೆ. ಜಗತ್ತಿನ ನೈಸರ್ಗಿಕ ಮೆಂಥಾಲ್‌ನ ದೊಡ್ಡ ಪಾಲು ಭಾರತದ್ದೇ. 1980ರ ದಶಕದಲ್ಲಿ ಜಪಾನಿನ ತಕಾಸಾಗೊ ಕಂಪನಿ ನೊಯೋರಿಯವರ ರೋಡಿಯಂ ಕ್ಯಾಟಲಿಸ್ಟ್ ಬಳಸಿ ಕಾರ್ಖಾನೆಯಲ್ಲೇ ಅದನ್ನು ಮಾಡತೊಡಗಿತು. ಉಪಾಯ ಹೀಗೆ. ಮೂರು ಜಾಗದಲ್ಲಿ ಒಂದನ್ನು ಮಾತ್ರ ಕ್ಯಾಟಲಿಸ್ಟ್ ಸರಿ ಮಾಡುತ್ತದೆ. ಆಮೇಲೆ ಅಣು ಉಂಗುರವಾಗಿ ಮುಚ್ಚಿಕೊಳ್ಳುವಾಗ ಮಿಕ್ಕ ಎರಡು ಮೊದಲನೆಯದನ್ನು ನೋಡಿ ತಾವೇ ಸರಿಯಾಗಿ ಕೂರುತ್ತವೆ. ಹಿರಿಯ ಮಗ ಪಂಕ್ತಿಯಲ್ಲಿ ಎಲ್ಲಿ ಕೂತನೋ ತಮ್ಮಂದಿರು ಅವನ ಪಕ್ಕದಲ್ಲೇ ಕೂತ ಹಾಗೆ. ನಡುವೆ ಸಿಗುವ ಸಿಟ್ರೊನೆಲ್ಲಾಲ್ ಎಂಬ ಅಣು, ಸಿಟ್ರೊನೆಲ್ಲಾ ಹುಲ್ಲಿನ ಎಣ್ಣೆಯಲ್ಲಿ ಸಿಗುವುದಕ್ಕಿಂತಲೂ ಎಡ-ಬಲದ ಲೆಕ್ಕದಲ್ಲಿ ಶುದ್ಧ. ಗಿಡವೇ ಸೋತಿತು.

ಈಗ ಜರ್ಮನಿಯ ಕಂಪನಿಗಳೂ ತಮ್ಮದೇ ದಾರಿಯಲ್ಲಿ ಮೆಂಥಾಲ್ ಮಾಡುತ್ತವೆ. ಮೆಂಥಾಲ್ ಬೆಲೆ ಬಿದ್ದಾಗ ನಮ್ಮ ರೈತ ಮಳೆಯನ್ನೋ ಮಧ್ಯವರ್ತಿಯನ್ನೋ ಬೈಯುತ್ತಾನೆ. ದೂರದ ರಿಯಾಕ್ಟರಿನಲ್ಲಿ ಕೂತ ರೋಡಿಯಂ ಅವನ ಕಣ್ಣಿಗೆ ಬೀಳುವುದಿಲ್ಲ.

ರೋಡಿಯಂಗೆ ಅದರದ್ದೇ ತಲೆನೋವಿದೆ. ಬಹುಪಾಲು ದಕ್ಷಿಣ ಆಫ್ರಿಕಾ ಒಂದರಿಂದಲೇ ಬರಬೇಕು. ವಾಹನಗಳ ಹೊಗೆ ಶುದ್ಧಿಗೂ ಅದೇ ಬೇಕು. 2021ರ ಮಾರ್ಚ್‌ನಲ್ಲಿ ಒಂದು ಔನ್ಸ್‌ಗೆ ಸುಮಾರು 29,000 ಡಾಲರ್ ಮುಟ್ಟಿತ್ತು. ಆಗಿನ ಚಿನ್ನದ ಬೆಲೆಯ 15 ಪಟ್ಟಿಗೂ ಹೆಚ್ಚು. ಮೇಲೆ, ಮಾತ್ರೆಯಲ್ಲಿ ಲೋಹದ ಚೂರೂ ಉಳಿಯದಂತೆ ತೊಳೆದು ತೆಗೆಯುವ ಖರ್ಚು ಬೇರೆ.

ಪ್ರೋಲಿನ್ ಒಂದು ಕೈಯಲ್ಲಿ ಹಿಡಿದು

ಹಾಗಾದರೆ ಲೋಹವೇ ಬೇಡ ಅಂದರೆ? 2000ನೇ ಇಸವಿಯಲ್ಲಿ ಇಬ್ಬರು ಬೇರೆಬೇರೆಯಾಗಿ ಇದನ್ನೇ ಮಾಡಿ ತೋರಿಸಿದರು. ಬೆಂಜಮಿನ್ ಲಿಸ್ಟ್ ಮತ್ತು ಡೇವಿಡ್ ಮ್ಯಾಕ್‌ಮಿಲನ್. 2021ರ ನೊಬೆಲ್ ಅವರದ್ದು. ಲಿಸ್ಟ್ ತೆಗೆದುಕೊಂಡದ್ದು ಪ್ರೋಲಿನ್. ನಮ್ಮ ಚರ್ಮ, ಮೂಳೆಯ ಕೊಲಾಜೆನ್‌ನಲ್ಲಿ ತುಂಬಿರುವ ಸಾದಾ ಅಮೈನೊ ಆಮ್ಲ. ಬೆಲೆ ಕಡಿಮೆ, ಗಾಳಿ ತೇವಕ್ಕೆ ಹೆದರುವುದಿಲ್ಲ.

ಅದು ಕೆಲಸ ಮಾಡುವ ರೀತಿ ಹತ್ತಿರದಿಂದ ನೋಡುವಂಥದ್ದು. ಇಲ್ಲಿ ಅದರ ಕೆಲಸ ಅಸಿಟೋನ್, ಆಲ್ಡಿಹೈಡ್ ಎಂಬ ಎರಡು ಅಣುಗಳನ್ನು ಒಂದಕ್ಕೊಂದು ಕೂಡಿಸುವುದು. ಪ್ರೋಲಿನ್‌ಗೆ ಎರಡು ತುದಿ. ಒಂದು ತುದಿಯ ಸಾರಜನಕ ಅಸಿಟೋನ್ ಅಣುವನ್ನು ಗಟ್ಟಿಯಾಗಿ ಹಿಡಿದು ಅದನ್ನು ಚುರುಕು ಮಾಡುತ್ತದೆ. ಇನ್ನೊಂದು ತುದಿಯಲ್ಲಿ ಆಮ್ಲದ ಹೈಡ್ರೋಜನ್ ಇದೆ. ಅದು ಎದುರಿನಿಂದ ಬರುವ ಆಲ್ಡಿಹೈಡ್ ಅಣುವಿನ ಆಮ್ಲಜನಕಕ್ಕೆ ಹೈಡ್ರೋಜನ್ ಬಂಧದ ಕೈ ಚಾಚುತ್ತದೆ. ‘ಈ ಕಡೆಯಿಂದ ಬಾ’ ಅಂದ ಹಾಗೆ. ಆಲ್ಡಿಹೈಡ್‌ಗೆ ಎರಡು ಮುಖ. ಒಂದು ಮುಖ ತಿರುಗಿಸಿ ಬಂದರೆ ಆ ಕೈ ಸಲೀಸಾಗಿ ಸಿಗುತ್ತದೆ. ಇನ್ನೊಂದು ಮುಖದಲ್ಲಿ ಬಂದರೆ ಅದರ ಬಾಲ ಪ್ರೋಲಿನ್‌ಗೆ ತಗುಲಿ ಇಕ್ಕಟ್ಟಾಗುತ್ತದೆ. ಮೊದಲ ದಾರಿಯ ಘಟ್ಟ ತುಸು ತಗ್ಗು. ಇಂಗಾಲಕ್ಕೆ ಇಂಗಾಲ ಕೂಡುತ್ತದೆ, ನೀರಿನ ಒಂದು ಅಣು ಬಂದು ಪ್ರೋಲಿನ್‌ನನ್ನು ಬಿಡಿಸುತ್ತದೆ, ಅದು ಮುಂದಿನ ಅಸಿಟೋನ್ ಹುಡುಕಿ ಹೊರಡುತ್ತದೆ. ಅಷ್ಟೇ. ನಮ್ಮ ದೇಹದ ಕೆಲವು ಕಿಣ್ವಗಳು ಸಾವಿರಾರು ಪರಮಾಣುಗಳ ಮೈ ಹೊತ್ತು ಮಾಡುವ ಉಪಾಯವನ್ನು 17 ಪರಮಾಣುಗಳ ಈ ಪುಟ್ಟ ಅಣು ಮಾಡಿಬಿಡುತ್ತದೆ.

ಇದರಲ್ಲಿ ಒಂದು ತಮಾಷೆ ಇದೆ. ಪ್ರೋಲಿನ್ ಹೀಗೆ ಕೆಲಸ ಮಾಡುತ್ತದೆ ಅಂತ 1970ರ ದಶಕದ ಮೊದಲಲ್ಲೇ ಎರಡು ಔಷಧ ಕಂಪನಿಗಳ ಲ್ಯಾಬ್‌ಗಳು ಸ್ಟೀರಾಯ್ಡ್ ತಯಾರಿಯಲ್ಲಿ ಕಂಡಿದ್ದವು. ಕ್ರಿಯೆ ಬಳಕೆಯಲ್ಲೂ ಇತ್ತು. ಆದರೆ ಅದು ಒಂದು ಬಿಡಿ ಉಪಾಯ ಅಂದುಕೊಂಡರೇ ಹೊರತು ಅದರ ಹಿಂದೆ ಒಂದು ದೊಡ್ಡ ದಾರಿ ಇದೆ ಅಂತ ಸುಮಾರು 30 ವರ್ಷ ಯಾರಿಗೂ ಹೊಳೆಯಲಿಲ್ಲ.

ಲೋಹ ಇಲ್ಲ ಅಂದಕೂಡಲೇ ‘ಹಸಿರು’ ಅಂತ ಬಾವುಟ ಹಾರಿಸುವವರಿದ್ದಾರೆ. ನಾನು ಅಷ್ಟು ಬೇಗ ಚಪ್ಪಾಳೆ ಹೊಡೆಯಲಾರೆ. ಲಿಸ್ಟ್ ಅವರ ಮೊದಲ ಪ್ರಯೋಗಗಳಲ್ಲಿ 100 ಅಣು ಸರಕಿಗೆ 30 ಅಣು ಪ್ರೋಲಿನ್ ಬೇಕಾಗಿತ್ತು. ತಕಾಸಾಗೊದ ರೋಡಿಯಂ ಮರುಬಳಕೆ ಸೇರಿ 4 ಲಕ್ಷ ಸಲ ದುಡಿಯುತ್ತದೆ. ದುಬಾರಿ ಆಳು ನಾಲ್ಕು ಲಕ್ಷ ಮೂಟೆ ಹೊತ್ತರೆ, ಅಗ್ಗದ ಆಳು ಮೂರು ಮೂಟೆಗೆ ಸುಸ್ತಾದರೆ ಯಾವುದು ಲಾಭ? ಲಿಸ್ಟ್ ಅವರೇ ಇದನ್ನು ಬಲ್ಲರು. ಆಮೇಲಿನ ವರ್ಷಗಳಲ್ಲಿ ಜರ್ಮನಿಯ ಮ್ಯೂಲ್‌ಹೈಮ್‌ನ ಅವರ ತಂಡ ಕಟ್ಟಿದ ಆಮ್ಲ ಕ್ಯಾಟಲಿಸ್ಟ್‌ಗಳು ಬೇರೆಯೇ ಜಾತಿ. ನಡುವೆ ಕಿಣ್ವದ ಗುಳಿಯಂಥ ಇಕ್ಕಟ್ಟು ಜಾಗ. ಅದರೊಳಗೆ ಹೊಕ್ಕ ಅಣುವಿಗೆ ಹೊರಳಲು ಜಾಗವಿಲ್ಲ. ಬಹಳ ಕಡಿಮೆ ಪ್ರಮಾಣವೇ ಸಾಕಾಗುತ್ತದೆ.

ಹಂತ ಕಡಿಮೆ ಮಾಡುವುದರಲ್ಲಿ ಮಾತ್ರ ಈ ದಾರಿಗೆ ನಿಜವಾದ ಮೇಲುಗೈ ಇದೆ. ಕರಾವಳಿಯ, ಮಲೆನಾಡಿನ ಓದುಗರಿಗೆ ಕಾಸರಕನ ಮರ ಗೊತ್ತಿರುತ್ತದೆ. ಆಟಿ ಅಮಾವಾಸ್ಯೆಗೆ ಹಾಲೆ ಮರದ ತೊಗಟೆ ತರಲು ಹೋದವರು ಕತ್ತಲಲ್ಲಿ ತಪ್ಪಿ ಕಾಸರಕನದ್ದನ್ನು ಕೆತ್ತಿ ತಂದರೆ ಪ್ರಾಣಕ್ಕೇ ಕುತ್ತು ಅಂತ ಹಿರಿಯರು ಎಚ್ಚರಿಸುತ್ತಾರಲ್ಲ, ಅದೇ. ಅದರ ವಿಷ ಸ್ಟ್ರಿಕ್ನಿನ್. ಅದರೊಳಗೆ ಏಳು ಉಂಗುರ ಒಂದಕ್ಕೊಂದು ಹೆಣೆದುಕೊಂಡಿವೆ. 1950ರ ದಶಕದಲ್ಲಿ ಮೊದಲ ಸಲ ಲ್ಯಾಬಿನಲ್ಲಿ ಮಾಡಿದಾಗ 29 ಹಂತ ಬೇಕಾಯಿತು. ಹಾಕಿದ ಸರಕಿನಲ್ಲಿ ಸ್ಟ್ರಿಕ್ನಿನ್ ಆದದ್ದು ಶೇ 0.0009. 2011ರಲ್ಲಿ ಲೋಹವಿಲ್ಲದ ಕ್ಯಾಟಲಿಸ್ಟ್ ಬಳಸಿ, ಒಂದೇ ಪಾತ್ರೆಯಲ್ಲಿ ಒಂದರ ಹಿಂದೊಂದು ಕ್ರಿಯೆ ನಡೆಯುವಂತೆ ಮಾಡಿ 12 ಹಂತಕ್ಕೆ ಇಳಿಸಿದರು. ಹಳೆಯದಕ್ಕಿಂತ 7,000 ಪಟ್ಟು ದಕ್ಷ ಎಂಬುದು ನೊಬೆಲ್ ಸಮಿತಿಯೇ ಕೊಟ್ಟ ಲೆಕ್ಕ. ಸ್ಟ್ರಿಕ್ನಿನ್ ಯಾರಿಗೂ ಬೇಕಿಲ್ಲ ಬಿಡಿ. ಪೈಲ್ವಾನನ ಶಕ್ತಿ ತಿಳಿಯಲು ಗುಂಡುಕಲ್ಲು ಎತ್ತಿಸಿದ ಹಾಗೆ ಇದು.

ರಾಗಿ ತೆನೆ ಆರಿಸಿದ ಹಾಗೆ

ಮೂರನೇ ದಾರಿ ಕಿಣ್ವದ್ದು. ಸಕ್ಕರೆ ಕಾಯಿಲೆಯ ಸಿಟಾಗ್ಲಿಪ್ಟಿನ್ ಮಾತ್ರೆ ಈಗ ಎಷ್ಟೋ ಮನೆಗಳಲ್ಲಿದೆ. 2022ರ ಜುಲೈನಲ್ಲಿ ಭಾರತದಲ್ಲಿ ಪೇಟೆಂಟ್ ಮುಗಿದ ಮೇಲೆ ಬೆಲೆಯೂ ಇಳಿಯಿತು. ಮರ್ಕ್ ಕಂಪನಿ ಮೊದಲು ಇದನ್ನು ಮಾಡುತ್ತಿದ್ದದ್ದು ರೋಡಿಯಂ ಕ್ಯಾಟಲಿಸ್ಟ್, ಭಾರೀ ಒತ್ತಡದ ಹೈಡ್ರೋಜನ್ ಬಳಸಿ. ಆಮೇಲೆ ಕೊಡೆಕ್ಸಿಸ್ ಕಂಪನಿಯ ಜೊತೆ ಸೇರಿ ಒಂದು ಬ್ಯಾಕ್ಟೀರಿಯಾ ಕಿಣ್ವದ ಹಿಂದೆ ಬಿತ್ತು. ಆ ಕಿಣ್ವಕ್ಕೆ ಮೊದಲು ಈ ಅಣು ಹಿಡಿಸುತ್ತಲೇ ಇರಲಿಲ್ಲ. ಗುಳಿ ಚಿಕ್ಕದು, ಅಣು ದೊಡ್ಡದು.

ರೈತರು ರಾಗಿ ಬೀಜಕ್ಕೆ ಒಳ್ಳೇ ತೆನೆ ಆರಿಸಿಡುತ್ತಾರಲ್ಲ, ವಿಜ್ಞಾನಿಗಳು ಮಾಡಿದ್ದೂ ಅದೇ. ಕಿಣ್ವದ ಜೀನಿನಲ್ಲಿ ಅಲ್ಲಲ್ಲಿ ಬದಲಾವಣೆ ಮಾಡಿ ಸಾವಿರಾರು ಮರಿ ಕಿಣ್ವ ಬೆಳೆಸುವುದು, ತುಸು ಚೆನ್ನಾಗಿ ಕೆಲಸ ಮಾಡಿದ್ದನ್ನು ಆರಿಸುವುದು, ಅದರಿಂದ ಮತ್ತೆ ಬೆಳೆಸುವುದು. ಈ ವಿಧಾನಕ್ಕೇ ಫ್ರಾನ್ಸೆಸ್ ಆರ್ನಾಲ್ಡ್ ಅವರಿಗೆ 2018ರ ನೊಬೆಲ್ ಸಿಕ್ಕಿದ್ದು. ಕೊನೆಗೆ 27 ಬದಲಾವಣೆಯ ಕಿಣ್ವ ಸಿಕ್ಕಿತು. ತಪ್ಪು ಕೈ ಹುಡುಕಿದರೂ ಕಾಣದಷ್ಟು ಶುದ್ಧ ಸರಕು. 2010ರಲ್ಲಿ ಅವರು ಪ್ರಕಟಿಸಿದ ಲೆಕ್ಕದಲ್ಲಿ ಒಟ್ಟು ತ್ಯಾಜ್ಯ ಶೇ 19 ಕಡಿಮೆ. ರೋಡಿಯಂ ಪೂರ್ತಿ ಇಲ್ಲ. ಹೈಡ್ರೋಜನ್ ಒತ್ತಡದ ಪಾತ್ರೆಗಳೂ ಬೇಡವಾದವು.

ಶೇ 19 ಅಂದರೆ ‘ಇಷ್ಟೇನಾ’ ಅನ್ನಿಸಬಹುದು. ನನಗೂ ಮೊದಲು ಹಾಗೇ ಅನ್ನಿಸಿತ್ತು. ಮೊದಲೇ ಚೆನ್ನಾಗಿ ತಿದ್ದಿದ್ದ ದಾರಿಯೊಂದರ ಮೇಲೆ ಸಿಕ್ಕಿದ ಉಳಿತಾಯ ಇದು ಅನ್ನುವುದು ಮರೆಯಬಾರದು.

ಕಂಪ್ಯೂಟರ್ ಹೇಳಿದ್ದು ಎಷ್ಟು ನಿಜ?

ಇಷ್ಟೆಲ್ಲ ತಡಕಾಡುವ ಬದಲು ಕಂಪ್ಯೂಟರಿನಲ್ಲೇ ಲೆಕ್ಕ ಹಾಕಿ ಒಳ್ಳೇ ಕ್ಯಾಟಲಿಸ್ಟ್ ಹೇಳಬಾರದೇ? ಇಂದಿನ ಬಿಸಿಬಿಸಿ ಪ್ರಶ್ನೆ ಇದೇ. ತೊಡಕು ಇರುವುದು ಆ 5, 10 ಕಿಲೋಜೂಲ್‌ನಲ್ಲಿ. ಅಣುಗಳ ಶಕ್ತಿಯನ್ನು ಕಂಪ್ಯೂಟರಿನಲ್ಲಿ ಅಂದಾಜಿಸುವ ಸಾಮಾನ್ಯ ಕ್ವಾಂಟಮ್ ಲೆಕ್ಕದ ತಪ್ಪೇ ಕೆಲವು ಸಲ ಅಷ್ಟಿರುತ್ತದೆ. ಮೂಟೆ ತೂಗುವ ತಕ್ಕಡಿಯಲ್ಲಿ ಚಿನ್ನ ತೂಗಿದ ಹಾಗೆ. ಎಡ, ಬಲ ಎರಡೂ ದಾರಿ ಹೆಚ್ಚುಕಮ್ಮಿ ಒಂದೇ ಥರ ಇರುವುದರಿಂದ ಎರಡರ ತಪ್ಪೂ ಒಂದಕ್ಕೊಂದು ವಜಾ ಆಗಿ ಎಷ್ಟೋ ಸಲ ಉತ್ತರ ಸರಿ ಬರುತ್ತದೆ, ಅದು ಪುಣ್ಯ. 2019ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಸ್ಕಾಟ್ ಡೆನ್ಮಾರ್ಕ್ ಅವರ ತಂಡ ಬೇರೆ ದಾರಿ ಹಿಡಿಯಿತು. ಸಾಧಾರಣ ಫಲ ಕೊಟ್ಟ ಪ್ರಯೋಗಗಳನ್ನಷ್ಟೇ ಕಂಪ್ಯೂಟರಿಗೆ ಕಲಿಸಿ, ಅದರಿಂದ ಉತ್ತಮ ಫಲ ಕೊಡುವ ಕ್ಯಾಟಲಿಸ್ಟ್‌ಗಳನ್ನು ಮುಂಚಿತವಾಗಿ ಹೇಳಿಸಿತು. ಆದರೆ ಇಂಥ ಯಂತ್ರಕ್ಕೆ ಸೋತ ಪ್ರಯೋಗಗಳ ಲೆಕ್ಕವೂ ಬೇಕು. ಸೋತದ್ದನ್ನು ಯಾರು ಪತ್ರಿಕೆಯಲ್ಲಿ ಅಚ್ಚು ಹಾಕಿಸುತ್ತಾರೆ? ಲ್ಯಾಬಿನ ನೋಟ್‌ಬುಕ್ಕಿನಲ್ಲೇ ಧೂಳು ತಿನ್ನುತ್ತಿರುತ್ತದೆ.

ಇನ್ನು ನಮ್ಮ ಕಾರ್ಖಾನೆಗಳ ಮಾತು. ಭಾರತದ ಬಹುಪಾಲು ಔಷಧ ಉದ್ಯಮ ನಿಂತಿರುವುದು ಪೇಟೆಂಟ್ ಮುಗಿದ ಔಷಧಗಳ ಮೇಲೆ. ಅಂಥ ಔಷಧದಲ್ಲಿ ಲಾಭದ ಅಂಚು ತೆಳು. ಹೊಸ ಕ್ಯಾಟಲಿಸ್ಟ್ ಬಂತು ಅಂತ ನಾಳೆ ಬೆಳಗ್ಗೆ ದಾರಿ ಬದಲಿಸುವುದಕ್ಕೂ ಆಗದು. ತಯಾರಿಕೆಯ ವಿಧಾನ ಬದಲಾದರೆ ಅದರಲ್ಲಿ ಹೊಸ ಕಲ್ಮಶ ಹುಟ್ಟಿದೆಯಾ ಅಂತ ಪರೀಕ್ಷಿಸಿ, ಮಾರುವ ಒಂದೊಂದು ದೇಶದ ಔಷಧ ಇಲಾಖೆಗೂ ಮತ್ತೆ ಕಾಗದಪತ್ರ ಕೊಡಬೇಕು. ಅದಕ್ಕೆ ದುಡ್ಡು, ಅದಕ್ಕಿಂತ ಜಾಸ್ತಿ ಸಮಯ. ಹಾಗಾಗಿ ಒಳ್ಳೆಯ ದಾರಿ ಲ್ಯಾಬಿನಲ್ಲಿ ಸಿಕ್ಕ ಮೇಲೂ ಹಳೇ ದಾರಿಯಲ್ಲೇ ರಿಯಾಕ್ಟರ್ ತಿರುಗುತ್ತಿರುತ್ತದೆ.

ಎಡ ಬಲ ಸರಿಪಡಿಸಿದರೆ ಕಡೇಚೂರಿನ ವಾಸನೆ ನಿಲ್ಲುತ್ತದೆ ಅಂತಲೂ ನಾನು ಹೇಳುವುದಿಲ್ಲ. ಔಷಧ ತಯಾರಿಯ ತ್ಯಾಜ್ಯದಲ್ಲಿ ಸಿಂಹಪಾಲು ದ್ರಾವಕಗಳದ್ದು. ಬೇಗ ಆವಿಯಾಗಿ ಮೂಗಿಗೆ ಬಡಿಯುವುದೂ ಹೆಚ್ಚಾಗಿ ಅವೇ. ತಪ್ಪು ಕೈಯ ಅಣು ಬೇಕಾದರೆ ಡ್ರಮ್ಮಿನಲ್ಲಿ ತೆಪ್ಪಗೆ ಕೂತಿರುತ್ತದೆ. ಆದರೆ ಪ್ರತಿ ಹಂತಕ್ಕೂ ಕರಗಿಸಲು, ತೊಳೆಯಲು, ಹರಳು ಕಟ್ಟಿಸಲು ಹೊಸದಾಗಿ ದ್ರಾವಕ ಸುರಿಯಬೇಕು. ಎಡ ಬಲ ಬೇರೆ ಮಾಡುವ ಹಂತವೇ ಇಲ್ಲದಿದ್ದರೆ ಆ ಹಂತದ ದ್ರಾವಕವೂ ಇಲ್ಲ.

ಇತ್ತ ನೋವಿಗೆ ನುಂಗುವ ಐಬುಪ್ರೊಫೆನ್ ಮಾತ್ರೆ ಇಂದಿಗೂ ಎರಡು ಕೈ ಬೆರೆತೇ ಬರುತ್ತದೆ. ಯಾರೂ ಅಷ್ಟಾಗಿ ತಲೆ ಕೆಡಿಸಿಕೊಂಡಿಲ್ಲ. ನಮ್ಮ ದೇಹದಲ್ಲೇ ಒಂದು ಕಿಣ್ವವಿದೆ. ತಪ್ಪು ಕೈಯ ಐಬುಪ್ರೊಫೆನ್ ಅನ್ನು ಹಿಡಿದು ಬಹುಪಾಲನ್ನು ಸರಿ ಕೈಗೆ ತಿರುಗಿಸಿಕೊಡುತ್ತದೆ. ಸೆಟಿರಿಜಿನ್‌ಗೆ ಆ ಸೌಲಭ್ಯ ಇಲ್ಲ.